ಇಬ್ಬರು, ಹಗುರ

ಗ್ಲೈಡರಿನಲ್ಲಿ ಯಾರು ಕೂತಿದ್ದಾರೆಂದು ಮೂರ್ತಪ್ಪನಿಗೆ ಹೇಳುವಂತಿರಲಿಲ್ಲ. ಎಷ್ಟು ಜನ, ಎಂಥ ಭಾರ, ಅಷ್ಟು ಮಾತ್ರ ಹೇಳಬೇಕು. ಈ ಕಟ್ಟಳೆಯನ್ನು ಕ್ಲಬ್ಬಿನವರು ಹೇರಿದ್ದಲ್ಲ, ಅವನೇ ಹಟ ಹಿಡಿದು ಮಾಡಿಸಿಕೊಂಡದ್ದು.

ಹಿರಿಯೂರು ಬಿಟ್ಟು ಹೊಸದುರ್ಗದ ಕಡೆ ಹೊರಟರೆ ಸಿಗುವ ಬಯಲಿನಲ್ಲಿ ಆ ಸಣ್ಣ ಕ್ಲಬ್ಬು ಇತ್ತು. ಒಂದು ತಗಡಿನ ಶೆಡ್ಡು, ಮಟ್ಟ ಮಾಡಿದ ಉದ್ದನೆಯ ನೆಲ, ಒಂದೇ ಒಂದು ಗ್ಲೈಡರ್. ಬಿಳಿ ಬಣ್ಣದ್ದು. ಒಂದರ ಹಿಂದೆ ಒಂದು ಎರಡು ಸೀಟು; ಮುಂದೆ ಕಲಿಯುವವರು, ಹಿಂದೆ ಕಲಿಸುವವರು. ಹಾರಲು ಕಲಿಸುವುದಕ್ಕೂ ಅದೇ, ಆಕಾಶದಲ್ಲಿ ಲಾಗ ಹೊಡೆಸುವುದಕ್ಕೂ ಅದೇ. ಎಂಜಿನ್ ಇಲ್ಲವಾದ್ದರಿಂದ ಅದನ್ನು ಮೇಲಕ್ಕೆ ಏರಿಸಲು ಯಾರಾದರೂ ಎಳೆಯಬೇಕು. ಬಯಲಿನ ಇನ್ನೊಂದು ತುದಿಯಲ್ಲಿ ವಿಂಚ್ ಇತ್ತು. ಹಳೆಯ ಲಾರಿಯ ಎಂಜಿನ್ನು, ಅದಕ್ಕೊಂದು ದೊಡ್ಡ ರಾಟೆ, ರಾಟೆಗೆ ಸುತ್ತಿದ ಉಕ್ಕಿನ ಹಗ್ಗ. ಮೂರ್ತಪ್ಪ ಎಂಜಿನ್ ಜೋರು ಮಾಡಿದರೆ ಹಗ್ಗ ಸುತ್ತಿಕೊಳ್ಳುತ್ತದೆ, ಮಕ್ಕಳು ದಾರ ಹಿಡಿದು ಓಡಿದಾಗ ಗಾಳಿಪಟ ಏರುವಂತೆ ಗ್ಲೈಡರ್ ಏರುತ್ತದೆ. ಸಾಕಷ್ಟು ಮೇಲೆ ಹೋದ ಮೇಲೆ ಹಗ್ಗ ಬಿಟ್ಟು, ಹದ್ದುಗಳು ಸುತ್ತುವ ಕಡೆ ಬಿಸಿಗಾಳಿ ಹುಡುಕಿಕೊಂಡು ಇನ್ನೂ ಮೇಲೆ ಹೋಗುತ್ತದೆ. ವಿಂಚಿನಿಂದ ಗ್ಲೈಡರಿಗೆ ಒಂದು ಕಿಲೋಮೀಟರ್ ದೂರ. ಮೂರ್ತಪ್ಪನಿಗೆ ಅದು ಯಾವಾಗಲೂ ಒಂದು ಬಿಳಿ ಗೀಟು, ಅಷ್ಟೇ.

ಮೊದಲು ಅವನು ಬೋರ್‌ವೆಲ್ ಲಾರಿಯಲ್ಲಿದ್ದ. ಪಂಪು ಇಳಿಸುವಾಗ ಹಗ್ಗ ಬಿಗಿಯಾಯಿತೋ ಸಡಿಲವಾಯಿತೋ ಎಂದು ಅಂಗೈಯಲ್ಲೇ ತಿಳಿಯುತ್ತಿದ್ದ. ಆ ಕೈಯನ್ನು ನೋಡಿಯೇ ಕ್ಲಬ್ಬಿನ ಮುಖ್ಯ ತರಬೇತುದಾರಳು, ಚಿತ್ರದುರ್ಗದ ಅನುಸೂಯ, ಅವನನ್ನು ಕರೆತಂದಿದ್ದಳು.

ಎರಡನೆಯ ವರ್ಷ ಒಂದು ದಿನ, ಏರುವಾಗಲೇ ಹಗ್ಗ ತುಂಡಾಯಿತು. ಮುಂದೆ ಚೈತ್ರಾ ಎಂಬ ಕಾಲೇಜು ಹುಡುಗಿ, ಹಿಂದೆ ಅನುಸೂಯ. ಅನುಸೂಯ ತಕ್ಷಣ ಮೂಗು ತಗ್ಗಿಸಿ, ಎದುರಿನ ಬಯಲಿಗೇ ನೆಟ್ಟಗೆ ಇಳಿಸಿದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಚೈತ್ರಾ ದಿನಾ ವಿಂಚಿನ ತನಕ ನಡೆದು ಬಂದು "ಮಾವ, ಚೆನ್ನಾಗ್ ಎಳೀರಿ" ಎಂದು ಹೇಳಿ ಹೋಗುತ್ತಿದ್ದ ಹುಡುಗಿ. ಮರುದಿನ ಅವಳ ಸರದಿ ಬಂದಾಗ ಮೂರ್ತಪ್ಪನ ಕೈ ತಡೆಯಿತು. ಮೆಲ್ಲಗೆ ಎಳೆದ. ಮೆಲ್ಲಗೆ ಎಳೆಯುವುದು ದಯೆಯಲ್ಲ. ವೇಗ ಸಾಲದಿದ್ದರೆ ರೆಕ್ಕೆ ಗಾಳಿಯನ್ನು ಹಿಡಿಯುವುದಿಲ್ಲ. ಅನುಸೂಯ ಇಳಿದು ಬಂದು ಬೈದಳು.

"ಮೇಡಮ್ಮೋರೆ, ಇನ್ ಮ್ಯಾಲೆ ನಂಗೆ ಹೆಸರು ಹೇಳ್‌ಬ್ಯಾಡ್ರಿ," ಎಂದ ಮೂರ್ತಪ್ಪ. "ಹೆಸರು ಗೊತ್ತಾದ್ರೆ ಮುಖ ಕಣ್ಮುಂದೆ ಬರ್ತೈತೆ. ಮುಖ ಬಂದ್ರೆ ಕೈ ಹಿಂದಕ್ ಸರೀತೈತೆ."

"ಮತ್ತೇನಂತ ಹೇಳ್ಲಿ?"

"ಮೂಟೆ ಅಂತ ತಿಳ್ಕಳ್ರಿ. ಒಂದಾ ಎರಡಾ, ಭಾರನಾ ಹಗುರನಾ, ಅಷ್ಟ್ ಹೇಳಿದ್ರೆ ಸಾಕು."

"ಆಯ್ತಪ್ಪ, ಇವತ್ತಿಂದ ನಾವೆಲ್ಲ ಮೂಟೆಗಳೇ," ಎಂದು ಅನುಸೂಯ ನಕ್ಕಳು. ಅಂದಿನಿಂದ ವಾಕಿಟಾಕಿಯಲ್ಲಿ ಬರುತ್ತಿದ್ದದ್ದು "ಇಬ್ಬರು, ಭಾರ", "ಒಬ್ಬರು", "ಇಬ್ಬರು, ಹಗುರ", ಇಷ್ಟೇ.

ಅವನ ಹೆಂಡತಿ ಜಯಕ್ಕ ಕ್ಲಬ್ಬಿನವರಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳು. ಹೊಲಿಗೆಯೂ ಬರುತ್ತಿತ್ತು, ಗ್ಲೈಡರಿನ ಹೊದಿಕೆ ಹರಿದರೆ ತೇಪೆ ಹಾಕುವವಳೂ ಅವಳೇ. ಸಣಕಲು ಮೈ, ದೊಡ್ಡ ಬಾಯಿ. ತವರು ಯಲ್ಲದಕೆರೆ ಕಡೆ. ಅದಕ್ಕೂ ಗಂಡನ ಮನೆಗೂ ನಡುವೆ ಒಂದು ಗುಡ್ಡ. ತವರಿನಲ್ಲಿದ್ದಾಗ ಗುಡ್ಡದ ಈಚೆ ಏನಿದೆಯೋ ಎಂದುಕೊಳ್ಳುತ್ತಿದ್ದಳಂತೆ, ಇಲ್ಲಿಗೆ ಬಂದ ಮೇಲೆ ಆಚೆಯದೇ ಯೋಚನೆ. ಎರಡೂ ಮನೆಯ ಬಾಗಿಲನ್ನು ಒಂದೇ ಸಲಕ್ಕೆ ನೋಡಬೇಕು ಎನ್ನುವುದು ಅವಳ ಆಸೆ.

"ಏನ್ರಿ, ನನ್ನೂ ಒಂದ್ಸಲ ಎಳೀರಿ," ಎನ್ನುತ್ತಿದ್ದಳು.

"ನಿನ್ನ ಎಳ್ಯಾಕೆ ನನ್ ಕೈಲಾಗಲ್ಲ."

"ಊರೋರ್ನೆಲ್ಲ ಎಳೀತೀರ. ನಾನೇನು ಶೇಂಗಾ ಮೂಟೇಗಿಂತ ಭಾರ ಇದೀನಾ?"

"ಭಾರದ್ ಮಾತಲ್ಲ."

"ಮತ್ ಯಾವ್ ಮಾತು?"

"ಸಾರ್ ಹಾಕು," ಎನ್ನುತ್ತಿದ್ದ ಮೂರ್ತಪ್ಪ.

ಆ ಮಾತು ಪ್ರತಿಸಲ ಅಲ್ಲಿಗೇ ನಿಲ್ಲುತ್ತಿತ್ತು. ಹೋದ ವರ್ಷ ಜಯಕ್ಕ ಕಾಯಿಲೆ ಬಿದ್ದು ತೀರಿಕೊಂಡಳು. ಈ ವರ್ಷ ಕ್ಲಬ್ಬಿನ ನೆಲದ ಕರಾರು ಮುಗಿಯಿತು. ಗ್ಲೈಡರನ್ನು ಬೇರೆ ರಾಜ್ಯದ ಒಂದು ಕ್ಲಬ್ಬಿನವರು ಕೊಂಡರು.

ಅದನ್ನು ಒಯ್ಯುವ ಟ್ರೇಲರ್ ಬರುವ ದಿನ ಬೆಳಿಗ್ಗೆ ಮೂರ್ತಪ್ಪ ಒದ್ದೆ ಬಟ್ಟೆ ಹಿಡಿದು ರೆಕ್ಕೆ ಒರೆಸುತ್ತಿದ್ದ. ಜೊತೆಗೆ ಟ್ರ್ಯಾಕ್ಟರ್ ಮೆಕ್ಯಾನಿಕ್ ಮಾರುತೇಶ್. ನಲವತ್ತು ದಾಟಿದವನು, ಬಾಯಿಗೆ ಬೀಗವಿಲ್ಲ.

"ಏನ್ ಮೂರ್ತಪ್ಪಣ್ಣ, ಮದುವೆ ಹೆಣ್ಣಿಗೆ ಅರಿಶಿಣ ಹಚ್ಚಿದಂಗೆ ಉಜ್ತಿದೀಯಲ್ಲ. ಬಣ್ಣ ಕಿತ್ತೋದಾತು."

"ನಿನ್ ಕೆಲ್ಸ ನೋಡ್ಕಳಲೇ."

"ಅಳ್‌ಬ್ಯಾಡ ಮತ್ತೆ, ಗಂಡಿನ್ ಕಡೆಯೋರು ಬರಾ ಹೊತ್ತಾತು."

ಮೂರ್ತಪ್ಪ ಶೆಡ್ಡಿನ ಮೂಲೆಯಿಂದ ಮರಳಿನ ಚೀಲವನ್ನು ಎತ್ತಿದ. ಗ್ಲೈಡರಿನ ಮುಂದಿನ ಸೀಟಿನಲ್ಲಿ ಇಂತಿಷ್ಟಾದರೂ ಭಾರ ಇರಲೇಬೇಕು. ಇಲ್ಲದಿದ್ದರೆ ಮೂಗು ಮೇಲಾಗಿ ಹಿಡಿತ ತಪ್ಪುತ್ತದೆ. ಮೈಭಾರ ಕಡಿಮೆ ಇದ್ದವರು ಕೂತರೆ ಈ ಚೀಲವನ್ನು ಸೀಟಿಗೆ ಬಿಗಿಯುತ್ತಿದ್ದರು. ಕೆಲವು ವರ್ಷಗಳಿಂದ ಅದು ಶೆಡ್ಡಿನಲ್ಲಿ ಬಿದ್ದಿರುವುದನ್ನು ಅವನು ದಿನಾ ನೋಡಿದ್ದ. ಇವತ್ತು ಎತ್ತುವಾಗ ಹೊರಗಿನ ಕ್ಯಾನ್ವಾಸು ಸವೆದು ಪರ್ರನೆ ಹರಿಯಿತು. ಒಳಗೆ ಇನ್ನೊಂದು ಬಟ್ಟೆ, ಎರಡು ಪದರ ಹಾಕಿ ಹೊಲಿದದ್ದು. ಹಸಿರು, ಕೆಂಪು ಅಂಚು.

ಹೊಳಲ್ಕೆರೆಯಲ್ಲಿ ಅವನೇ ಆರಿಸಿ ತಂದ ಸೀರೆ. ಬೇಲಿಗೆ ಸಿಕ್ಕಿ ಹರಿಯಿತು ಎಂದಿದ್ದಳು ಜಯಕ್ಕ. ಅಷ್ಟು ಒಳ್ಳೆಯ ಸೀರೆ ಉಟ್ಟು ಬೇಲಿ ದಾಟಿದ್ದು ಯಾಕೆ ಎಂದು ಅವತ್ತು ಅವನು ರೇಗಿದ್ದ.

"ಮೇಡಮ್ಮೋರೆ," ಎಂದು ಕರೆದ. "ಈ ಚೀಲ ಯಾವಾಗ ಹೊಲ್ಸಿದ್ದು?"

ಅನುಸೂಯ ಸಾಮಾನು ಕಟ್ಟುತ್ತಿದ್ದವಳು ತಿರುಗಿ ನೋಡಿದಳು. "ಜಯಕ್ಕ ಹಾರಿದ್ರಲ್ಲ, ಆವಾಗ. ಅವರೇ ಹೊಲ್ಕೊಂಡು ಬಂದ್ರು. ನಿಮ್ಮ ಭಾರ ಸಾಲಲ್ಲ ಜಯಕ್ಕ ಅಂದಿದ್ದೆ. ಭಾರ ನಾನೇ ತರ್ತೀನಿ ಬಿಡ್ರಿ ಅಂದ್ರು."

ಮಾರುತೇಶನ ಕೈಯ ಬಟ್ಟೆ ನಿಂತಿತು.

"ಹಾರಿದ್ಲಾ?" ಎಂದ ಮೂರ್ತಪ್ಪ.

"ನಿಮಗೆ ಗೊತ್ತಿಲ್ವಾ?" ಅನುಸೂಯ ಕಟ್ಟುತ್ತಿದ್ದ ಸಾಮಾನು ಬಿಟ್ಟು ಎದ್ದಳು. "ಸಂಜೆ ನಾನೇ ಹೇಳ್ತೀನಿ, ನೀವು ಬಾಯಿ ಬಿಡ್‌ಬ್ಯಾಡ್ರಿ ಅಂದಿದ್ರು. ಹೇಳಿರ್ತಾರೆ ಅಂದ್ಕೊಂಡೆ. ನೀವು ಒಂದು ಮಾತೂ ಎತ್ಲಿಲ್ಲ, ಸಿಟ್ಟಾಗಿರ್ತೀರ ಅಂತ ನಾನೂ ಸುಮ್ನಾದೆ."

"ಯಾರು ಎಳೆದಿದ್ದು?"

ಕೇಳಿದ ಮೇಲೆ ಅವನಿಗೇ ತಿಳಿಯಿತು. ಬೇರೆ ಯಾರು ಎಳೆಯುತ್ತಾರೆ? ಆ ವಿಂಚಿಗೆ ಇನ್ನೊಬ್ಬ ಆಳೇ ಇರಲಿಲ್ಲ.

"ಶಿವರಾತ್ರಿ ಆದ ಮೇಲೆ. ಊಟ ತಗೊಂಡು ಬಂದಿದ್ರು. 'ಇಬ್ಬರು, ಹಗುರ' ಅಂತ ಹೇಳಿದೆ, ನೀವು ಎಳೆದ್ರಿ," ಎಂದಳು ಅನುಸೂಯ. "ಬಿಸಿಗಾಳಿ ಚೆನ್ನಾಗಿತ್ತು, ತುಂಬಾ ಮೇಲೆ ಹೋದ್ವಿ. ಲಾಗ ಹೊಡೆಸ್ರಿ ಅಂತ ಅವರೇ ಕೇಳಿದ್ದು. ಒಂದು ಹೊಡೆಸಿದೆ. ಇನ್ನೊಂದು ಅಂದ್ರು. ಮತ್ತೂ ಒಂದು."

ಆ ದಿನ ಮೂರ್ತಪ್ಪನಿಗೆ ಚೆನ್ನಾಗಿ ನೆನಪಿತ್ತು. ಬಿಳಿ ಗೀಟು ಮೇಲೇರಿ, ಬೆನ್ನು ಕೆಳಗಾಗಿ, ದುಂಡಗೆ ಸುತ್ತಿ ಇಳಿದದ್ದನ್ನು ವಿಂಚಿನ ಪಕ್ಕದಲ್ಲಿ ನಿಂತು ನೋಡಿದ್ದ. ಒಂದು ಸಲವಲ್ಲ, ಮತ್ತೆ ಮತ್ತೆ. ಅದು ನೆಲ ಮುಟ್ಟುವ ತನಕ ಕೂತಿರಲಿಲ್ಲ. ಸಂಜೆ ಮನೆಯಲ್ಲಿ ಮುದ್ದೆ ಮುರಿಯುತ್ತಾ ಅದೇ ಮಾತು ತೆಗೆದಿದ್ದ.

"ಇವತ್ ಯಾರೋ ಬಂದಿದ್ರು ನೋಡು, ಬುದ್ಧಿ ಇಲ್ಲದ್ದು. ಬುಗುರಿ ತಿರುಗ್ದಂಗೆ ತಿರುಗಿಸ್ಕಂಡ್ರು. ಮನೇಲಿ ಹೇಳಿ ಬಂದಿದ್ರೋ ಇಲ್ವೋ. ಅಂಥೋರಿಗೆ ಎರಡು ಬಾರಿಸ್ಬೇಕು."

ಜಯಕ್ಕ ಸಾರಿನ ಸೌಟು ಹಿಡಿದು ನಿಂತಿದ್ದಳು. ಹೊಸ ಬಳೆ ತೊಟ್ಟಿದ್ದಳು. ಮುಖ ಏನೋ ಹೇಳುವ ಹಾಗಿತ್ತು ಎನ್ನುವುದು ಈಗ ಹೊಳೆಯಿತು; ಆಗ ಅವನು ನೋಡಿದ್ದು ತಟ್ಟೆಯನ್ನು.

"ಹೆಂಗಿತ್ತಂತೆ? ಕೇಳಿದ್ರಾ?" ಎಂದಿದ್ದಳು.

"ನಾನ್ಯಾಕ್ ಕೇಳ್ಲಿ? ಹೆಂಗಾದ್ರೂ ಇರ್ಲಿ, ನಂಗೇನು?"

ಅವಳು ಸಾರು ಬಡಿಸಿದ್ದಳು. ಆಮೇಲೆ ಒಳಗೆ ಹೋಗಿದ್ದಳು. ಅಲ್ಲಿಂದ ಮುಂದೆ "ನನ್ನೂ ಒಂದ್ಸಲ ಎಳೀರಿ" ಎಂದು ಅವಳು ಕೇಳಿದ್ದೇ ಇಲ್ಲ. ಆಸೆ ಬಿಟ್ಟಳು, ಒಳ್ಳೆಯದಾಯಿತು ಎಂದುಕೊಂಡು ಮೂರ್ತಪ್ಪ ನಿರಾಳವಾಗಿದ್ದ. ಕಾಯಿಲೆ ಬಿದ್ದು ಮಲಗಿದಾಗ ದಿನಗಟ್ಟಲೆ ಪಕ್ಕದಲ್ಲೇ ಕೂತಿದ್ದ. ಗಂಜಿ ಬೇಕಾ, ನೀರು ಬೇಕಾ, ಫ್ಯಾನ್ ಹಾಕ್ಲಾ ಎಂದು ಕೇಳಿದ್ದ. ಕೇಳಬೇಕಾದ ಒಂದು ಮಾತು ಇದೆ ಎಂದು ಅವನಿಗೆ ತಿಳಿದಿರಲಿಲ್ಲ.

ಈಗ ಕೇಳಿದ. "ಹೆಂಗಿತ್ತಂತೆ ಮೇಡಮ್ಮೋರೆ? ಅವ್ಳಿಗೆ?"

ಅನುಸೂಯ ಸುಳ್ಳು ಹೇಳುವವಳಲ್ಲ.

"ನಾನು ಹಿಂದಿನ ಸೀಟಲ್ಲಿದ್ದೆ ಮೂರ್ತಪ್ಪಣ್ಣ. ಹಿಂದೆ ಕೂತೋರಿಗೆ ಮುಂದೆ ಇರೋರ ಮುಖ ಕಾಣಲ್ಲ. ತುರುಬು ಕಾಣ್ತಿತ್ತು, ಕನಕಾಂಬರ ಮುಡಿದಿದ್ರು. ಮಾರಿಕಣಿವೆ ನೀರು ತೋರಿಸಿದೆ. ಗುಡ್ಡದ ಮೇಲೆ ಬಂದಾಗ ಒಂದ್ಸಲ ಎಡಕ್ಕೆ ನೋಡೋರು, ಒಂದ್ಸಲ ಬಲಕ್ಕೆ ನೋಡೋರು, ಕತ್ತು ನಿಲ್ತಾನೇ ಇರ್ಲಿಲ್ಲ. ಇಳಿದ ಮೇಲೆ ಏನೂ ಹೇಳ್ಲಿಲ್ಲ. ಮೊದಲು ನಮ್ಮನೇರಿಗೆ ಹೇಳ್ಬೇಕು ಅಂದ್ರು."

ಮೂರ್ತಪ್ಪ ಸೀರೆಯ ಅಂಚನ್ನು ಬೆರಳಿನಲ್ಲಿ ಹಿಡಿದುಕೊಂಡೇ ಇದ್ದ. ಸಡಿಲವಾದ ಹೊಲಿಗೆಯಿಂದ ಮರಳು ಸಣ್ಣಗೆ ಸುರಿಯುತ್ತಿತ್ತು. ಮಾರುತೇಶ್ ಬಂದು ಚೀಲದ ಕೆಳಗೆ ಒಂದು ಬಕೆಟ್ ಇಟ್ಟ.

"ಒಂದು ನೆನಪಿದೆ," ಎಂದಳು ಅನುಸೂಯ. "ಲಾಗ ಮುಗಿದ ಮೇಲೆ, ನಮ್ಮನೇರು ಎಲ್ಲಿರ್ತಾರೆ ಅಂದ್ರು. ವಿಂಚಿನ ಮೇಲೆ ತಂದೆ. ನೋಡ್ತಿರ್ತಾರಾ ಅಂತ ಕೇಳಿದ್ರು. ಇಳಿಯೋ ತನಕ ಕಣ್ಣು ತೆಗೆಯಲ್ಲ ಅಂದೆ. ಆವಾಗ ಕೈ ಎತ್ತಿ ಬೀಸಿದ್ರು. ತುಂಬಾ ಹೊತ್ತು."

"ನಾನ್ ನೋಡ್ತಾನೇ ಇದ್ದೆ," ಎಂದ ಮೂರ್ತಪ್ಪ. "ನಂಗೆ ಯಾವ್ ಕೈನೂ ಕಾಣ್ಲಿಲ್ಲ."

ಒಂದು ಸಲ ಹಾರಿಸಿ ಎಂದು ಕೇಳುವಂತಿರಲಿಲ್ಲ. ಗ್ಲೈಡರಿನ ವರ್ಷದ ತಪಾಸಣೆಯ ಅವಧಿ ಮುಗಿದಿತ್ತು, ಅದು ಇನ್ನು ಹೊಸ ಜಾಗದಲ್ಲೇ ಹಾರುವುದು. ಅವನು ಕೇಳಿದ್ದು ಬೇರೆ. ಗ್ಲೈಡರನ್ನು ಹೊರಗೆ ತಳ್ಳಿ, ದಿನಾ ನಿಲ್ಲುವ ಕಡೆ ನಿಲ್ಲಿಸೋಣ ಎಂದ. ಅನುಸೂಯಳನ್ನು ಮುಂದಿನ ಸೀಟಿನಲ್ಲಿ ಕೂರಲು ಹೇಳಿದ. ಅವಳು ಹತ್ತಿ ಕೂತಳು. ಮಾರುತೇಶ್ ಗಾಜಿನ ಮುಚ್ಚಳ ಮುಚ್ಚಿ, ರೆಕ್ಕೆಯ ತುದಿ ಹಿಡಿದು ನಿಂತ.

ಮೂರ್ತಪ್ಪ ವಾಕಿಟಾಕಿ ಜೇಬಿಗೆ ಹಾಕಿಕೊಂಡು ಬಯಲಿನುದ್ದಕ್ಕೂ ನಡೆದ. ವಿಂಚಿನ ಪಕ್ಕದಲ್ಲಿ, ಅವನ ಕಾಲು ಸವೆಸಿದ್ದ ಜಾಗದಲ್ಲೇ ನಿಂತು ತಿರುಗಿದ. ಎಂಜಿನ್ ತಣ್ಣಗಿತ್ತು. ದೂರದಲ್ಲಿ ಬಿಳಿ ಗೀಟು, ಗುಡ್ಡದ ಮೇಲೆ ಗಾಳಿಯಂತ್ರಗಳು. ಹಣೆಗೆ ಕೈ ಅಡ್ಡ ಹಿಡಿದ.

"ಈಗ ಬೀಸ್ರಿ," ಎಂದ ವಾಕಿಟಾಕಿಯಲ್ಲಿ.

ಕಣ್ಣಲ್ಲಿ ನೀರು ಬರುವಷ್ಟು ದಿಟ್ಟಿಸಿ ನೋಡಿದ. ಗಾಜಿನ ಮೇಲೆ ಬಿಸಿಲು ಹೊಳೆಯಿತು. ನೆಲದ ಕಾವಿಗೆ ಗೀಟು ಸ್ವಲ್ಪ ನಡುಗಿತು.

"ಕಾಣ್ತಾ ಮೂರ್ತಪ್ಪಣ್ಣ?"

"ಇಲ್ಲ ಮೇಡಮ್ಮೋರೆ," ಎಂದ ಅವನು. ರಸ್ತೆಯ ಕಡೆಯಿಂದ ಟ್ರೇಲರಿನ ಹಾರ್ನ್ ಕೇಳಿಸಿತು. "ಇನ್ನೊಂದ್ಸಲ ಬೀಸ್ರಿ."