ತುಟಿಗಾದರೂ ನೀರು

ಭಾನುವಾರ ಚರ್ಚಿನ ಪೂಜೆಯಲ್ಲಿ ಬೈಬಲ್ ವಾಚನ ಓದುವಾಗ ಸ್ವರ ಒಡೆಯಿತು. ಶೀತ ಎಂದುಕೊಂಡೆ. ಮೂರು ವಾರವಾದರೂ ಸರಿಹೋಗಲಿಲ್ಲ.

“ಎಂತ ಮಾರಾಯ್ರೆ, ಗಂಟಲನ್ನು ಕಾಗೆಗೆ ಕೊಟ್ಟು ಬಂದಿರಾ?” ಎಂದಳು ಹೆಂಡತಿ ಲೂಸಿ. ಹೊಸಂಗಡಿಯಲ್ಲಿ ಬಸ್ಸು ಹತ್ತಿಸಿ ಮಂಗಳೂರಿಗೆ ಕರೆದೊಯ್ದವಳೂ ಅವಳೇ.

ಎಂಡೋಸ್ಕೋಪಿ. ಬಯಾಪ್ಸಿ.

ಕ್ಯಾನ್ಸರ್.

“ಧ್ವನಿಪೆಟ್ಟಿಗೆ ತೆಗೀಬೇಕು. ಜೀವ ಉಳಿಸ್ಬಹುದು, ಸ್ವರ ಹೋಗ್ತದೆ,” ಎಂದರು ಡಾಕ್ಟರು.

ಆಪರೇಶನ್ನಿನ ಹಿಂದಿನ ದಿನ ಪಾಪನಿವೇದನೆ ಕೇಳಲು ನಮ್ಮ ಫಾದರ್ ವಾರ್ಡಿಗೆ ಬಂದರು. ನನ್ನ ಸ್ವಂತ ಸ್ವರದಲ್ಲಿ ಅದೇ ಕೊನೆಯದು. ಸೈನ್ಯದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದ ನಾನು ಎಲ್ಲವನ್ನೂ ಕ್ರಮದಲ್ಲೇ ಮಾಡುವವನು. ಪಾಪಗಳನ್ನೂ ದೇವರ ಹತ್ತು ಕಟ್ಟಳೆಗಳ ಕ್ರಮದಲ್ಲೇ ಹೇಳುತ್ತೇನೆ. ಐದನೆಯದು, ಕೊಲ್ಲಬೇಡ. ಎಂದಿನಂತೆ “ಇಲ್ಲ” ಎಂದು ದಾಟಿದೆ. ಯುದ್ಧದಲ್ಲಿ ನಾನು ಒಂದು ಗುಂಡೂ ಹಾರಿಸಿರಲಿಲ್ಲ.

“ರೋಲ್ ಕಾಲ್ ಮುಗೀತಾ?” ಎಂದು ಫಾದರ್ ನಕ್ಕರು.

ಎಚ್ಚರವಾದಾಗ ಕತ್ತಿನಲ್ಲಿ ತೂತು, ಮೂಗಿನಲ್ಲಿ ಟ್ಯೂಬ್. ಬಾಯಿಗೆ ಒಂದು ಹನಿಯೂ ಕೂಡದು. ಅಂಥ ಬಾಯಾರಿಕೆಯನ್ನು ಅದುವರೆಗೆ ಬೇರೆಯವರಲ್ಲಿ ಮಾತ್ರ ಕಂಡಿದ್ದೆ. ಕಾರಡ್ಕದ ನರ್ಸ್ ಒಬ್ಬಳು ಒದ್ದೆ ಹತ್ತಿಯಿಂದ ನನ್ನ ತುಟಿ ಒರೆಸಿದಳು.

“ಕುಡೀಲಿಕ್ಕಿಲ್ಲ ಅಜ್ಜ. ಇಷ್ಟು ಮಾಡ್ಬಹುದು.”

ಇಷ್ಟು ಮಾಡಬಹುದಿತ್ತು.

ಯುದ್ಧದಲ್ಲಿ ಸೆರೆಸಿಕ್ಕ ಶತ್ರು ಸೈನಿಕನೊಬ್ಬನನ್ನು ನಮ್ಮ ಟೆಂಟಿಗೆ ತಂದಿದ್ದರು. ಹೊಟ್ಟೆಗೆ ಗುಂಡು. ಬೆಳಿಗ್ಗೆಯಿಂದ ನೀರು ಕೇಳುತ್ತಿದ್ದ. ಹೊಟ್ಟೆಯ ಗಾಯಕ್ಕೆ ನೀರು ಕುಡಿಸಬಾರದೆಂಬುದು ನಿಯಮ. ಕುಡಿಸಲಿಲ್ಲ. ಮಧ್ಯಾಹ್ನ ಸತ್ತ. ನಿಯಮ ಪಾಲಿಸಿದ್ದೇನೆಂದು ಐವತ್ತು ವರ್ಷ ನೆಮ್ಮದಿಯಾಗಿದ್ದೆ. ಆದರೆ ತುಟಿ ಒದ್ದೆ ಮಾಡಬಾರದೆಂದು ಯಾವ ನಿಯಮವೂ ಇರಲಿಲ್ಲ. ಪಕ್ಕದಲ್ಲಿ ಮಲಗಿದ್ದ ನಮ್ಮ ಸೈನಿಕನಿಗೆ ನಾನು ತುಟಿ ಒರೆಸುವುದನ್ನು ಆ ಸೆರೆಯಾಳು ನೋಡುತ್ತಲೇ ಇದ್ದ. ನನಗೆ ಅವನ ಮೇಲೆ ಸಿಟ್ಟೂ ಇರಲಿಲ್ಲ. ಅವನು ನಮ್ಮವನಲ್ಲ, ಅಷ್ಟೆ.

ಕಟ್ಟಳೆ ಮುರಿದರೆ ಪಾಪ ಎಂದು ನಂಬಿ ಬದುಕಿದವನು ನಾನು. ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಬೇಡುವ ಪ್ರಾರ್ಥನೆಯನ್ನು ಪ್ರತಿ ಪೂಜೆಯಲ್ಲೂ ಗಟ್ಟಿಯಾಗಿ ಹೇಳುತ್ತಿದ್ದೆ. ಆಗೆಲ್ಲ ಅವನೊಮ್ಮೆಯೂ ನೆನಪಾಗಿರಲಿಲ್ಲ.

ಐದನೆಯ ದಿನ ಫಾದರ್ ಮತ್ತೆ ಬಂದರು. ಸ್ಲೇಟು ತೆಗೆದುಕೊಂಡು ಬರೆಯತೊಡಗಿದೆ.

“ನಾನು ಹೊರಗೆ ಹೋಗ್ಲಾ?” ಎಂದಳು ಲೂಸಿ. ಬೇಡವೆಂದು ಕೈ ಮಾಡಿದೆ. ಅವಳೂ ಓದಿದಳು. ಸ್ಲೇಟು ಎರಡು ಸಲ ತುಂಬಿತು.

“ಅವನ ಹೆಸರು ಗೊತ್ತುಂಟಾ?” ಎಂದು ಫಾದರ್ ಕೇಳಿದರು.

ಗೊತ್ತಿಲ್ಲ. ನಾನು ಕೇಳಿರಲಿಲ್ಲ.

“ಹೆಸರಿಲ್ಲದಿದ್ರೂ ಪ್ರಾರ್ಥನೆ ಮಾಡ್ಲಿಕ್ಕೆ ಆಗ್ತದೆ,” ಎಂದು ಪಾಪಕ್ಷಮೆ ಕೊಟ್ಟರು.

ಈಗ ಮನೆಯಲ್ಲಿದ್ದೇನೆ. ಐದೂವರೆಗೆ ಏಳುತ್ತೇನೆ, ಕತ್ತಿನ ಟ್ಯೂಬ್ ತೊಳೆಯುತ್ತೇನೆ, ಆರಕ್ಕೆ ಒಂದು ಲೋಟ ನೀರು. ಸ್ವರವಿಲ್ಲ, ಆದರೆ ನುಂಗಬಲ್ಲೆ. ಮುಂದಿನ ಸ್ಕ್ಯಾನ್ ಏನು ಹೇಳುತ್ತದೋ ತಿಳಿಯದು. ಮೊದಲ ಗುಟುಕಿಗೆ ಮುಂಚೆ ತುಟಿ ಒದ್ದೆ ಮಾಡಿಕೊಂಡು ಆ ಹೆಸರಿಲ್ಲದವನಿಗಾಗಿ ಮನಸ್ಸಿನಲ್ಲೇ ಪ್ರಾರ್ಥಿಸುತ್ತೇನೆ. ದಿನವಿಡೀ ನನ್ನನ್ನು ಗೇಲಿ ಮಾಡುವ ಲೂಸಿ, ಅಷ್ಟು ಹೊತ್ತು ತಾನೂ ಕೈಮುಗಿದು ನಿಲ್ಲುತ್ತಾಳೆ.