ಚಿಟುಂಬಳ ಮತ್ತು ಒಂದು ಟ್ರಂಕು

ಚಿಟುಂಬಳ ಅಂದರೆ ಏನು, ನಿಮಗೆ ಗೊತ್ತಿರಬೇಕಲ್ಲ? ಓದಿಕೊಂಡವರು ನೀವು. ನಾನು ಮೊಮ್ಮಗಳ ಹತ್ತಿರ ಫೋನಿನಲ್ಲಿ ಟೈಪು ಮಾಡುವುದು ಕಲಿತು ಇನ್ನೂ ತಿಂಗಳಾಗಿಲ್ಲ. ಈ ಪದ ಒತ್ತಿದ ಕೂಡಲೇ ಫೋನು ಕೆಳಗೊಂದು ಕೆಂಪು ಗೆರೆ ಎಳೆಯುತ್ತದೆ. ಪಾಪ, ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತದೆ. ನಮ್ಮ ಪಕ್ಕದ ಮನೆಯಾಕೆಗೆ ಅಷ್ಟೂ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು ಇದು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಎರಡು ಮಗ್ಗ ಇದ್ದವು, ರೇಷ್ಮೆ ಸೀರೆ ನೇಯುತ್ತಿದ್ದೆವು. ಮನೆಮಾತು ತೆಲುಗು. ಮಗನಿಗೆ ಚಳ್ಳಕೆರೆಯಿಂದ ಹೆಣ್ಣು ತಂದೆವು. ಅವರೂ ನಮ್ಮವರೇ. ಆದರೆ ಮಗ್ಗ ಬಿಟ್ಟು ಎರಡು ತಲೆಮಾರಾಗಿತ್ತು. ಹುಡುಗಿಯ ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಗ್ಗದ ಜೊತೆಗೆ ತೆಲುಗೂ ಅವರ ಮನೆಯಿಂದ ಹೋಗಿಬಿಟ್ಟಿತ್ತು.

ಬಂದ ಮೊದಲ ವಾರ ಹುಡುಗಿ ಧೈರ್ಯ ಮಾಡಿದಳು. ನಲ್ಲಿಯ ಹತ್ತಿರ ಹೆಂಗಸರ ಎದುರಿಗೆ ಕೊಡಗಳನ್ನು ತೆಲುಗಿನಲ್ಲಿ ಎಣಿಸಿದಳು. ಪನ್ನೆಂಡು, ಅಂದರೆ ಹನ್ನೆರಡರವರೆಗೆ ಬಂದು ಅಲ್ಲಿಗೆ ನಿಂತಳು. ಪಕ್ಕದ ಮನೆಯಾಕೆ ಬಿದ್ದು ಬಿದ್ದು ನಕ್ಕಳು. ಸಂಜೆಯೊಳಗೆ ಇಡೀ ಕೇರಿಗೆ ನನ್ನ ಸೊಸೆ 'ಪನ್ನೆಂಡಕ್ಕ' ಆಗಿದ್ದಳು. ಮಾರನೆಯ ದಿನದಿಂದ ಅವಳು ತೆಲುಗು ಬಿಟ್ಟಳು, ಕನ್ನಡವನ್ನೂ ಬಿಟ್ಟಳು. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಊಹೂಂ.

ಎರಡು ತಿಂಗಳು ಹೀಗೇ ಕಳೆದು ಆಷಾಢ ಬಂತು. ಹೊಸ ಸೊಸೆ ತವರಿಗೆ ಹೋಗುವ ತಿಂಗಳು. ಒಂದು ತಿಂಗಳಿಗೆ ನಾಲ್ಕು ಸೀರೆ ಸಾಕು. ಇವಳು ಟ್ರಂಕಿನ ತುಂಬ ತುಂಬಿದ್ದಳು. ಮದುವೆಯ ಸೀರೆ, ಬಾಚಣಿಗೆ, ಗೂಡಿನಲ್ಲಿದ್ದ ಅವಳ ಪುಟ್ಟ ಕನ್ನಡಿ, ಎಲ್ಲ ಒಳಗೆ. ಖಾಲಿ ಗೂಡು ನೋಡಿದೆ. ಈ ಹುಡುಗಿ ಶ್ರಾವಣಕ್ಕೆ ತಿರುಗಿ ಬರುವುದಿಲ್ಲ ಅನ್ನಿಸಿತು. ಮಗನಿಗೆ ಹೇಳಿದರೆ, "ಬಾಚಣಿಗೆ ಬೇಕಾಗಲ್ವೇನಮ್ಮಾ ಆಕೀಗೆ?" ಅಂದ. ಗಂಡಸರಿಗೆ ಟ್ರಂಕು ಓದಲು ಬರುವುದಿಲ್ಲ.

ಅವಳ ಅಪ್ಪ ಬರುವುದಕ್ಕೆ ಒಂದು ದಿನ ಮುಂಚೆ ಮಗ್ಗಕ್ಕೆ ಹೊಸ ಹಾಸು ಏರಿಸುವುದಿತ್ತು. ಹಾಸು ಅಂದರೆ ಮಗ್ಗದ ಉದ್ದಕ್ಕೂ ಚಾಚಿರುವ ಎಳೆಗಳು. ಹಳೆಯದು ಮುಗಿಯುವಾಗ ಅದರ ಒಂದೊಂದು ತುದಿಗೂ ಹೊಸ ಎಳೆ ಇಟ್ಟು, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಒಬ್ಬೊಬ್ಬರ ಹೊಸೆತ ಒಂದೊಂದು ಬಿಗಿ. ಅದಕ್ಕೇ ಶುರು ಮಾಡಿದ ಕೈಗಳೇ ಮುಗಿಸಬೇಕು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಬಂದ ಮೇಲೆ ಈ ಹೊಸೆತ ಕಲಿತಿದ್ದ ಸೊಸೆ ಆ ತುದಿಗೆ ಕೂತಳು, ಈ ತುದಿಗೆ ನಾನು. ಪಕ್ಕದ ಮನೆಯಾಕೆ ಕಾಫಿ ಲೋಟ ಹಿಡಿದು ಹೊಸ್ತಿಲ ಮೇಲೆ ಕೂತಳು, ಸಲಹೆ ಕೊಡುವುದಕ್ಕೆ.

ನನಗೆ ಆಗ ಏನು ಹೊಳೆಯಿತೋ, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಏನೇ ಹುಡುಗೀ, ಚಿಟುಂಬಳ ಅಂದ್ರೆ ಗೊತ್ತೇನೇ?"

ಸೊಸೆ ಊಹೂಂ ಎಂದು ತಲೆಯಾಡಿಸಿ ಇನ್ನಷ್ಟು ಕುಗ್ಗಿದಳು. ನಾನು ಹೊಸ್ತಿಲ ಕಡೆ ತಿರುಗಿದೆ. "ನಿಂಗೆ?"

"ಎಂದುಕು ತೆಲೀದು! ಯಾಕೆ ಗೊತ್ತಿಲ್ಲ? ನಾನು ಹುಟ್ಟಿದ್ದೇ ಮಗ್ಗದ ಮನ್ಯಾಗೆ," ಎಂದಳು ಆಕೆ. "ಲಾಳಿ ಒಳಗೆ ಇರ್ತೈತಲ್ಲ, ಸಣ್ಣ ಕಡ್ಡಿ, ಅದೇಯ. ನಮ್ಮಪ್ಪ ದಿನಾ ಅಂತಿದ್ದ."

"ನಿಮ್ಮಪ್ಪ ದೊಡ್ಡೋನು ಬಿಡು. ಆ ಪದ ಹುಟ್ಟಿ ಇನ್ನೂ ಒಂದು ನಿಮಿಷ ಆಗಿಲ್ಲ. ಈಗ ಇಲ್ಲೇ ಕೂತು ಮಾಡ್ದೆ ನಾನು. ಅರ್ಥಾನೂ ಮಾಡ್ತೀನಿ, ಕೇಳು. ಗೊತ್ತಿಲ್ದಿದ್ನ ಗೊತ್ತೈತೆ ಅನ್ನೋವಾಗ ಕುತ್ತಿಗೆ ತಾನೇ ಅಲ್ಲಾಡ್ತೈತಲ್ಲ, ಅದು ಚಿಟುಂಬಳ."

ಆ ತುದಿಯಿಂದ 'ಫಕ್' ಎಂದು ಸದ್ದಾಯಿತು. ಸೊಸೆ ಬೂದಿ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಮೂಗಿನ ಕೆಳಗೆ ಬಿಳಿ ಮೀಸೆ ಮೂಡಿತು.

ಬಿಡುತ್ತೇನೆಯೇ ನಾನು? ಮುಂದಿನದು ಜರಬಟೂರಿ. ಮೂರು ಸಲ ಊಟಕ್ಕೆ ಕರೆದರೂ ಮಗ್ಗದ ಗುಂಡಿ ಬಿಟ್ಟು ಏಳದೆ, ಆಮೇಲೆ ಮುದ್ದೆ ಆರಿದೆ ಎಂದು ಸಿಡುಕುವ ಗಂಡಸು. ಒಳಗಿನಿಂದ ನಮ್ಮ ಯಜಮಾನರು ಕೆಮ್ಮಿದರು.

"ಪುಸಲಂಗಿ ಅಂದ್ರೆ ನೀನು ಹೇಳೇ," ಎಂದು ಸೊಸೆಗೆ ಎಸೆದೆ. ಅವಳು ಎಳೆ ಹೊಸೆಯುತ್ತಲೇ ಇದ್ದಳು. ಏಳೆಂಟು ಎಳೆ ಆದ ಮೇಲೆ, ತಲೆ ಎತ್ತದೆ ಸಣ್ಣ ದನಿಯಲ್ಲಿ ಅಂದಳು.

"ಕೊಡ ತುಂಬಿ ಚೆಲ್ತಾ ಇದ್ರೂ, ಮಂದಿ ಸುದ್ದಿ ಮುಗೀಲಿಲ್ಲ ಅಂತ ನಲ್ಲಿ ಬಿಟ್ಟು ಕದಲ್ದೋಳು."

"ಅಯ್ಯಯ್ಯೋ, ನನ್ಗೇ ಹೇಳಿದ್ಲಲ್ಲೇ ನಿನ್ನ ಸೊಸೆ!" ಪಕ್ಕದ ಮನೆಯಾಕೆ ಲೋಟ ಕೆಳಗಿಟ್ಟು ತೊಡೆ ತಟ್ಟಿ ನಕ್ಕಳು. ಅವಳ ಈ ಗುಣಕ್ಕೇ ನಾನು ಅವಳನ್ನು ಸಹಿಸಿಕೊಂಡದ್ದು, ತನ್ನ ಮೇಲೆ ಬಂದರೂ ನಗುತ್ತಿದ್ದಳು. ನಕ್ಕು ಮುಗಿಸಿದವಳು, "ಲೇ ಹುಡುಗೀ, ಪನ್ನೆಂಡು ಆದ್ಮ್ಯಾಲೆ ಪದಮೂಡು ಕಣೇ. ಅವತ್ತೇ ಹೇಳ್ಕೊಡ್ಬೇಕಿತ್ತು ನಾನು," ಎಂದಳು. ಸೊಸೆಯ ತುಟಿ ಅಲ್ಲಾಡಿದ್ದು ನನಗೆ ಕಂಡಿತು. ಪದಮೂಡು.

ಅವಳ ಮುಖವನ್ನೇ ನೋಡುತ್ತಾ ಕೂತರೆ ಎಳೆ ನೋಡುವವರು ಯಾರು?

ಅಂಚಿಗೆ ಕೆಂಪು, ಒಡಲಿಗೆ ಹಸಿರು ಸೇರಬೇಕಿತ್ತು. ಅಂಚು ಮುಗಿದರೂ ನನ್ನ ಕೈ ಕೆಂಪು ಕಂತೆಯನ್ನೇ ಹೆಕ್ಕುತ್ತಿತ್ತು. ಹಾಗೇ ನೇಯ್ದಿದ್ದರೆ ಹಸಿರು ಸೀರೆಯ ಉದ್ದಕ್ಕೂ ಕೆಂಪು ಪಟ್ಟೆ ಓಡುತ್ತಿತ್ತು.

"ಅತ್ತೆ, ನಿಮ್ಮ ಕಡೆ ಕೆಂಪು ಒಳಗೆ ಬಂದೈತೆ ನೋಡ್ರಿ."

ಮೂವತ್ತು ವರ್ಷ ಎಳೆ ಸೇರಿಸಿದವಳಿಗೆ ಎರಡು ತಿಂಗಳ ಸೊಸೆ ತಪ್ಪು ತೋರಿಸಿದ್ದಳು. ನಾಲ್ಕು ಬೆರಳು ಅಗಲ ಕತ್ತರಿಸಿ ಮತ್ತೆ ಶುರು ಮಾಡಿದೆವು. ನಾಚಿಕೆ ಆಗಬೇಕಿತ್ತು ನನಗೆ. ಆಗಲಿಲ್ಲ.

ಹೀಗಾಗಿ ಕೆಲಸ ಮಾರನೆಯ ದಿನಕ್ಕೂ ಉಳಿಯಿತು. ಬೆಳಿಗ್ಗೆ ಬೀಗರು ಶೇಂಗಾ ಚೀಲ ಹೊತ್ತು ಬಂದರು. "ಹನ್ನೊಂದರ ಬಸ್ಸಿಗೆ ಹೊರಡಾನವ್ವ," ಎಂದರು. ಹೋಗುತ್ತೇನೆ ಅಂದರೆ ಯಾವ ಬಾಯಿಂದ ತಡೆಯಲಿ? ಕೆಲಸ ಉಳಿದದ್ದೇ ನನ್ನ ತಪ್ಪಿನಿಂದ. ಸೊಸೆಯೇ ಹೇಳಿದಳು, "ತಡಿಯಪ್ಪ, ನನ್ನ ಕೈಯಾಗಳ ಎಳೆ ಮುಗೀಲಿ." ಬೀಗರು ಗೋಡೆಗೆ ಒರಗಿ ಶೇಂಗಾ ಬಿಡಿಸುತ್ತಾ ಮೂರು ಗಂಟೆಯವರೆಗೆ ಕೂತರು.

ಕೈ ತೊಳೆದುಕೊಂಡು ಬಂದ ಸೊಸೆ ಟ್ರಂಕು ತೆರೆದಳು. ಕನ್ನಡಿ ತೆಗೆದು ಗೂಡಿನಲ್ಲಿಟ್ಟು ಮುಚ್ಚಳ ಹಾಕಿದಳು. ನಾನು ನೋಡಿಯೂ ನೋಡದವಳಂತೆ ಬೂದಿ ಗುಡಿಸಿದೆ.

ಬಸ್ಸಿನವರೆಗೂ ಹೋದೆ. ಬಿ.ಜಿ. ಕೆರೆ ಮೇಲೆ ಚಳ್ಳಕೆರೆಗೆ ಹೋಗುವ ಬಸ್ಸು ಹೊರಡಲು ಗುರುಗುಡುತ್ತಿತ್ತು. ಕೇಳಬಾರದು ಎಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಕಿಟಕಿಗೆ ಕೈ ಇಟ್ಟು ಕೇಳಿದೆ.

"ಯಾವಾಗ ಬರ್ತೀಯಾ?"

ಅವಳು ಕಿಟಕಿಯಿಂದ ತಲೆ ಹೊರಹಾಕಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಅಂದಳು:

"ನೀವು ದೊಡ್ಡ ಗಿಲುಂಬಟೆ ಅತ್ತೆ! ಹಂಗಂದ್ರೇನು ಅಂತ ಶ್ರಾವಣದಾಗೆ ಬಂದು ಹೇಳ್ತೀನಿ. ಅಲ್ಲೀಗಂಟ ಕೆಂಪು ಎಳೆ ಮುಟ್ಬ್ಯಾಡ್ರಿ."