ಮೂರನೆಯ ಗುಳಿಗೆ

ಹುಲಿಗೆಮ್ಮಾ, ನಿನ್ನ ಅವ್ವ ಹಂಪಮ್ಮ ನನ್ನ ಅಂಗಡಿಯಿಂದ ಒಯ್ದು ತಿನ್ನುತ್ತಿದ್ದ ಪೊಟ್ಟಣದಲ್ಲಿ ಬಲ ಬರುವ ಗುಳಿಗೆ ಇರಲಿಲ್ಲ. ನಾನು ನಿನಗೆ ಸುಳ್ಳು ಹೇಳಿದೆ. ಗೊತ್ತಿದ್ದೇ ಹೇಳಿದೆ — ಆಸ್ಪತ್ರೆಯ ಡಾಕ್ಟರು ನಿನ್ನನ್ನು ಕೇಳಿ ಬರಲು ಕಳಿಸಿದ್ದಾಗ, ನಿನ್ನ ಅವ್ವನಿಗೆ ಇನ್ನೂ ಜೀವ ಇದ್ದಾಗ.

ಇದನ್ನು ಬರೆಯಲು ಒಂಬತ್ತು ವರ್ಷ ಹಿಡಿಯಿತು. ಎಷ್ಟೋ ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಾನು ಒಳ್ಳೆಯವನಾಗಿಬಿಡುತ್ತಿದ್ದೆ — ಬಡವರಿಗೆ ಅನುಕೂಲ ಮಾಡಿಕೊಟ್ಟವನು, ಎಲ್ಲರೂ ಮಾಡುವುದನ್ನೇ ಮಾಡಿದವನು. ಆ ಮಾತು ಕೇಳಿ ಕೇಳಿ ನನಗೇ ಸಾಕಾಗಿದೆ.

ಸಂಡೂರಿನ ಬಸ್ ನಿಲ್ದಾಣದ ಎದುರಿನ ನನ್ನ ಮೆಡಿಕಲ್ ಶಾಪು ನಿನಗೆ ನೆನಪಿರಬೇಕು. ಬಂಡ್ರಿ ಕಡೆಯ ಬಸ್ಸಿಗೆ ಕಾಯುವವರು ಅದರ ನೆರಳಿನಲ್ಲೇ ನಿಲ್ಲುತ್ತಿದ್ದರು. ಡಾಕ್ಟರ ಚೀಟಿ ಹಿಡಿದು ಬರುವವರು ಕಡಿಮೆ. ಉಳಿದವರು ನೋವಿದ್ದ ಜಾಗ ಮುಟ್ಟಿ ತೋರಿಸುತ್ತಿದ್ದರು. "ಅಣ್ಣಾರ, ಮೈಕೈ ನೋವಿಂದು ಎರಡು ಸೆಟ್ ಕೊಡ್ರಿ, ಬಸ್ ಬಿಡತೈತಿ, ಜಲ್ದಿ." ಸೆಟ್ ಎಂದರೆ ಬಿಳಿ ಕಾಗದದ ಪೊಟ್ಟಣದಲ್ಲಿ ಮೂರು ಗುಳಿಗೆ. ಬೆಳಿಗ್ಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಕಟ್ಟಿಟ್ಟುಕೊಳ್ಳುತ್ತಿದ್ದೆ. ಒಂದು ನೋವಿನದು, ಒಂದು ಹೊಟ್ಟೆ ಉರಿಯದಂತೆ ಕೊಡುವುದು. ಮೂರನೆಯದು ಎಲ್ಲಕ್ಕಿಂತ ಸಣ್ಣದು — ಅದು ಸ್ಟಿರಾಯ್ಡ್. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಅದೇ. ಚೀಟಿ ಇಲ್ಲದೆ ಕೊಡಬಾರದೆಂದು ಅದರ ಸ್ಟ್ರಿಪ್ಪಿನ ಬೆನ್ನ ಮೇಲೇ ಕೆಂಪಕ್ಷರದಲ್ಲಿ ಬರೆದಿತ್ತು. ನಾನು ಗುಳಿಗೆ ಬಿಡಿಸಿ ಕಾಗದಕ್ಕೆ ಹಾಕುತ್ತಿದ್ದೆ, ಆ ಅಕ್ಷರ ಕಸದ ಬುಟ್ಟಿಗೆ ಹೋಗುತ್ತಿತ್ತು.

ಹಂಪಮ್ಮಕ್ಕ ಗಣಿಯಲ್ಲಿ ಅದಿರು ಒಡೆದು ಮೊಣಕಾಲು ಕೆಡಿಸಿಕೊಂಡಿದ್ದಳು. ಗಣಿ ನಿಂತ ಮೇಲೆ ಹೊಲದ ಕೂಲಿ. ಮೊದಲ ಸಲ ಅಂಗಡಿಯ ಕಟ್ಟೆ ಹತ್ತಲಾರದೆ ಕೆಳಗೇ ನಿಂತು ಕೇಳಿದ್ದಳು. ಮುಂದಿನ ವಾರ ತಾನೇ ಹತ್ತಿ ಬಂದಳು.

"ನಿಮ್ಮ ಕೈಗುಣ ಭಾಳ ಚಲೋ ಐತ್ರಿ ಅಣ್ಣಾರ. ಯಾವ ಡಾಕ್ಟ್ರು ಬ್ಯಾಡ ನನಗ" ಎಂದಳು.

ನಾನು ಉಬ್ಬಿಹೋದೆ. ಸುಳ್ಳೇಕೆ ಹೇಳಲಿ, ಅಂಥ ಮಾತು ಕೇಳಲಿಕ್ಕೇ ನಾನು ಅಂಗಡಿ ತೆರೆಯುತ್ತಿದ್ದೆನೇನೋ. ಎರಡು ವರ್ಷ ಅವಳು ವಾರವಾರ ಒಯ್ದಳು, ದಿನಕ್ಕೊಂದು ಸೆಟ್. ಮುಖ ದುಂಡಗಾಯಿತು, ಕುತ್ತಿಗೆಯ ಹಿಂದೆ ಮಾಂಸ ಬಂತು. ಊರವರು ಮೈ ತುಂಬಿಕೊಂಡಳೆಂದರು. ನಾನೂ ಅವರ ಜೊತೆ ನಕ್ಕು, "ಏನ್ ಹಂಪಮ್ಮಕ್ಕ, ಮಗಳು ಭಾಳ ತುಪ್ಪ ಹಾಕಾಕತ್ತಾಳೇನು?" ಎಂದು ಚೇಷ್ಟೆ ಮಾಡಿದ್ದೆ. ಅದು ತುಪ್ಪದ ಮೈ ಅಲ್ಲವೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಈ ಗುಳಿಗೆಯನ್ನು ಬಹಳ ದಿನ ತಿಂದವರು ಒಮ್ಮೆಲೇ ಬಿಡಬಾರದು — ಬಿಟ್ಟರೆ ಮೈ ಕುಸಿದುಬಿಡುತ್ತದೆ — ಎಂದೂ ಗೊತ್ತಿತ್ತು. ಓದಿದ್ದೆನಲ್ಲ. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ.

ಆಮೇಲೆ ಕಂಪ್ಲಿಯಲ್ಲಿ ನನ್ನ ತಂಗಿಯ ಮಗಳ ಮದುವೆ ಬಂತು. ಎಂಟು ದಿನ ಅಂಗಡಿಗೆ ಬೀಗ ಹಾಕಿದೆ. ಹೋಗುವ ಮೊದಲು ಹಂಪಮ್ಮಕ್ಕನ ನೆನಪು ಬರಲಿಲ್ಲ. ಬಂದಿದ್ದರೂ ಏನು ಹೇಳುತ್ತಿದ್ದೆ? ಎರಡು ವರ್ಷ ಬಾಯಿಬಿಡದವನು ಆ ದಿನ...

ತಿರುಗಿ ಬಂದು ಬಾಗಿಲು ತೆಗೆದ ಬೆಳಿಗ್ಗೆ ನೀನು ಹೊಸಪೇಟೆಯ ಆಸ್ಪತ್ರೆಯಿಂದ ಬಸ್ಸಿನಲ್ಲಿ ಬಂದಿಳಿದು ಓಡಿ ಬಂದೆ. ಕೈಯಲ್ಲಿ ನನ್ನದೇ ಬಿಳಿ ಕಾಗದ, ಖಾಲಿ.

"ಅಣ್ಣಾರ, ಅವ್ವ ಎದ್ದು ಕುಂದ್ರವಲ್ಲಳ್ರಿ. ವಾಂತಿ ನಿಲ್ಲವಲ್ದು, ಬಿ.ಪಿ. ಇಳದುಬಿಟ್ಟೈತಂತ. ದಿನಾ ಏನು ಗುಳಿಗಿ ತಿಂತಿದ್ಲು, ಕೇಳಿಕೊಂಡು ಬಾ ಅಂದಾರ ಡಾಕ್ಟ್ರು. ಇದರಾಗ ಏನಿತ್ರಿ?"

ಒಂದು ಹೆಸರು. ಚೀಟಿಯಲ್ಲಿ ಒಂದು ಹೆಸರು ಬರೆದುಕೊಟ್ಟಿದ್ದರೆ ಸಾಕಿತ್ತು. ಪೆನ್ನು ಜೇಬಿನಲ್ಲೇ ಇತ್ತು. ಆದರೆ ನನ್ನ ಕಣ್ಣು ಗೋಡೆಯ ಮೇಲಿದ್ದ ಲೈಸೆನ್ಸಿನ ಕಡೆ ಹೋಯಿತು — ಊದಿನಕಡ್ಡಿ ಹಚ್ಚಿ, ಕುಂಕುಮ ಇಟ್ಟಿದ್ದ ಲೈಸೆನ್ಸು.

"ಬರೇ ಬಲದ ಗುಳಿಗಿ ತಂಗಿ, ಒಂದು ನೋವಿಂದು. ಅದರಿಂದ ಏನೂ ಆಗಂಗಿಲ್ಲ" ಎಂದೆ.

ಅಲ್ಲಿಗೇ ನಿಲ್ಲಿಸಿದ್ದರೆ ಬರೀ ಹೇಡಿ ಎನಿಸಿಕೊಳ್ಳುತ್ತಿದ್ದೆ. ನಾನು ಮುಂದೆ ಕೇಳಿದೆ: "ಮತ್ತೇನರ ಕುಡಿಸಿದ್ದೇನು?"

ನೀನು ಅಳುತ್ತಾ ಹೇಳಿದೆ: ಗುಳಿಗೆ ಸಿಗದೆ ಅವ್ವ ನರಳುತ್ತಿದ್ದಳು, ಅದಕ್ಕೆ ನೀನು ಶುಂಠಿ, ಮೆಣಸು, ಜೀರಿಗೆ ಕುದಿಸಿ ಮೂರು ದಿನ ಕಷಾಯ ಕೊಟ್ಟಿದ್ದೆ.

"ಹಂಗಾರ ಅದ ಇರಬೇಕು. ಡಾಕ್ಟ್ರಿಗೆ ಹಂಗ ಹೇಳು."

ನೀನು ಹಾಗೆಯೇ ಹೇಳಿದೆ. ಎರಡು ದಿನಕ್ಕೆ ಅವ್ವ ಹೋದಳು. ಹೆಸರು ತಿಳಿದಿದ್ದರೆ ಉಳಿಸಿಕೊಳ್ಳುತ್ತಿದ್ದರೇ — ನಾನು ಹೇಳಲಾರೆ. ಆದರೆ ನಿಂತುಹೋದ ಆ ಔಷಧಿಯನ್ನೇ ಮತ್ತೆ ಕೊಡಬೇಕೆಂದು ಅವರಿಗೆ ತಿಳಿಯುತ್ತಿತ್ತು. ಅಷ್ಟು ನನಗೆ ಗೊತ್ತು.

ಮಣ್ಣಿಗೆ ನಾನೂ ಬಂದಿದ್ದೆ. ನೀನು ನನ್ನ ಕಾಲಿಗೆ ಬಿದ್ದೆ, ಹುಲಿಗೆಮ್ಮಾ. ಅದನ್ನು ಮಾತ್ರ ನಾನು ಬಿಡಿಸಿ ಬರೆಯಲಾರೆ.

ವರ್ಷದೊಳಗೆ ಸಂಡೂರಿನ ಅಂಗಡಿ ಮಾರಿದೆ. ಈಗ ಹಂಪಿಗೆ ಹೋಗುವ ದಾರಿಯಲ್ಲಿ ನನ್ನ ಭಾವನ ಮೆಡಿಕಲ್ ಶಾಪಿನಲ್ಲಿ ಕೂರುತ್ತೇನೆ. ಹೋದ ಚಳಿಗಾಲ ಒಬ್ಬ ವಿದೇಶಿ ಹೆಂಗಸು ಕುಂಟುತ್ತಾ ಬಂದಳು. ಮಾತಂಗ ಬೆಟ್ಟ ಹತ್ತಿ ಇಳಿದು ಮೊಣಕಾಲು ಊದಿಸಿಕೊಂಡಿದ್ದಳು. ಅಭ್ಯಾಸಬಲ — ಕತ್ತರಿ ತೆಗೆದು ಸ್ಟ್ರಿಪ್ಪಿನಿಂದ ನೋವಿನ ಗುಳಿಗೆ ನಾಲ್ಕು ಕತ್ತರಿಸಿ ಕೊಟ್ಟೆ. ಅವಳು ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೆಸರು ಅರ್ಧಕ್ಕೆ ತುಂಡಾಗಿತ್ತು. ತಾನು ಜರ್ಮನಿಯಲ್ಲಿ ಔಷಧದ ಅಂಗಡಿಯಲ್ಲೇ ಕೆಲಸ ಮಾಡುವವಳು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವರಲ್ಲಿ ಡಬ್ಬಿ ಒಡೆಯುವುದಿಲ್ಲವಂತೆ, ಒಳಗಿನ ಮಾಹಿತಿ ಕಾಗದದ ಸಮೇತ ಇಡಿಯಾಗಿ ಕೊಡುತ್ತಾರಂತೆ. ಕೆಲವು ಗುಳಿಗೆಗಳನ್ನು ಡಾಕ್ಟರ ಚೀಟಿ ಇಲ್ಲದೆ ಸ್ವಂತ ಅಕ್ಕನಿಗೂ ಕೊಡುವಂತಿಲ್ಲವಂತೆ.

"ಜನ ಸಿಟ್ಟಾಗುವುದಿಲ್ಲವೇ?" ಎಂದು ಕೇಳಿದೆ.

"ತುಂಬಾ ಸಿಟ್ಟಾಗುತ್ತಾರೆ. ಡಾಕ್ಟರನ್ನು ನೋಡಲು ವಾರಗಟ್ಟಲೆ ಕಾಯಬೇಕು, ಬೈಯುತ್ತಾರೆ" ಎಂದು ನಕ್ಕಳು. ನಮ್ಮ ಸಲೀಸು ಅವಳಿಗೂ ಹಿಡಿಸಿತ್ತೆಂದು ಕಾಣುತ್ತದೆ, ತನ್ನ ದೇಶದಲ್ಲಿ ಚೀಟಿ ಕೇಳುವ ಒಂದು ಮುಲಾಮನ್ನೂ ಕೊಂಡಳು. ಆಮೇಲೆ ಆ ತುಂಡು ತೋರಿಸಿ ಕೇಳಿದಳು: "ನನಗೆ ಏನಾದರೂ ಆದರೆ, ಡಾಕ್ಟರಿಗೆ ಯಾವ ಹೆಸರು ಹೇಳಲಿ?"

ಕೋಪದಿಂದ ಕೇಳಲಿಲ್ಲ. ಅವರ ಊರಲ್ಲಿ ಅದು ದಿನವೂ ಕೇಳುವ ಪ್ರಶ್ನೆ ಇರಬಹುದು. ನಾನು ಪೆನ್ನು ತೆಗೆದು ಹೆಸರು ಬರೆದುಕೊಟ್ಟೆ. ಅರೆ ನಿಮಿಷದ ಕೆಲಸ! ಕುಂಟುವ ಪ್ರವಾಸಿಗೆ ಕೊಟ್ಟದ್ದನ್ನು, ಸಾಯುತ್ತಿದ್ದ ಹಂಪಮ್ಮಕ್ಕನಿಗೆ ಕೊಡಲಿಲ್ಲ. ನಮ್ಮ ದೇಶ ಬೇರೆ, ಅವರ ದೇಶ ಬೇರೆ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಕಾನೂನು ಇಲ್ಲಿಯೂ ಇತ್ತು. ಕೆಂಪಕ್ಷರದಲ್ಲಿತ್ತು. ಅದನ್ನು ಬುಟ್ಟಿಗೆ ಹಾಕಿದ್ದು ನನ್ನ ಕೈ.

ಆದರೂ ಬರೆದು ಮುಗಿಸಲಿಲ್ಲ ನೋಡು. ಬರೆಸಿದ್ದು ನೀನೇ. ಕಳೆದ ತಿಂಗಳು ಚೋರನೂರಿನಿಂದ ಗಂಡನ ಜೊತೆ ಹಂಪಿಗೆ ಬಂದವಳು ನನ್ನ ಗುರುತು ಹಿಡಿದು ಒಳಗೆ ಬಂದೆ. ಕಂಕುಳಲ್ಲಿ ಮಗು, ಕೆಮ್ಮುತ್ತಿತ್ತು. ಚೂರು ಶುಂಠಿ ರಸಕ್ಕೆ ಜೇನು ಹಾಕಿ ನೆಕ್ಕಿಸು ಅಂದೆ. ನೀನು ಮಗುವನ್ನು ಬಿಗಿಯಾಗಿ ಹಿಡಿದುಕೊಂಡೆ.

"ಬ್ಯಾಡ್ರಿ ಅಣ್ಣಾರ. ಮನಿ ಮದ್ದು ಮಾಡಿ ಅವ್ವನ್ನ ತಿಂದುಕೊಂಡಾಕಿ ನಾನು. ಈ ಕೈಲೆ ಇನ್ನ ಯಾರಿಗೂ ಏನೂ ಕುದಿಸಿ ಕೊಡಂಗಿಲ್ಲ. ನೀವು ಗುಳಿಗಿನ ಕೊಡ್ರಿ."

ನಾನು ಆಗಲೂ ನಿಜ ಹೇಳಲಿಲ್ಲ. ಎರಡನೆಯ ಸಲ. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಗೋಡೆಯ ಮೇಲಿನ ಲೈಸೆನ್ಸೂ ನನ್ನದಲ್ಲ, ಕಳೆದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಬರೀ ಮಗುವಿನ ಕೆಮ್ಮಿನ ಔಷಧಿ ಕೊಟ್ಟೆ, ನೀನು ಕೈಮುಗಿದು ಹೋದೆ.

ನಾಳೆ ಬೆಳಗಿನ ಬಸ್ಸಿಗೆ ಚೋರನೂರಿಗೆ ಬರುತ್ತೇನೆ. ನಿನ್ನೆದುರು ನಿಂತರೆ ನಾಲಿಗೆ ಮತ್ತೆ ಸುಳ್ಳಿಗೇ ಹೊರಳುತ್ತದೆಯೆಂದು ಗೊತ್ತು, ಅದಕ್ಕೇ ಈ ಕಾಗದ. ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೂ ಅಂಗಳದಲ್ಲಿ ನಿಂತಿರುತ್ತೇನೆ. ಬೈಯಿ, ಹೊಡೆ, ಪೊಲೀಸರಿಗೆ ಕೊಡು — ಕೊಟ್ಟರೆ ಕೆಳಗಿನ ಸಹಿ ನನ್ನದೇ ಎಂದು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ.

ನೀನು ಅಂದು ಕೇಳಿದ್ದಕ್ಕೆ ಉತ್ತರ ಇದು: ಮೂರನೆಯ ಗುಳಿಗೆಯ ಹೆಸರು ಡೆಕ್ಸಾಮೆಥಸೋನ್. ಶುಂಠಿ, ಮೆಣಸು, ಜೀರಿಗೆ — ನೀನು ಕೊಟ್ಟದ್ದು ಅಷ್ಟೇ, ತಂಗಿ. ಉಳಿದದ್ದೆಲ್ಲ ನಾನು ಕೊಟ್ಟದ್ದು.